ಗಂಗತ್ತೆಯ ಕವಿತೆಗೆ ಹೊಂದಿದ ನಾದ

ಈಗಲೂ ಸೂಜಿ ಚುಚ್ಚುವ ಮುನ್ನ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದರೆ ನನಗೆ ನಮ್ಮೂರು ಖಜೂರಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಪಕ್ಕದ ಮನೆಯ ಮಹಿಬೂಬ ಚಾಚಾ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅಂದು ಎರಡು ಟೇಪ್‌ರೆಕಾರ್ಡರ್ ತಂದು, ನಮ್ಮ ಪಡಸಾಲೆಯಲ್ಲಿ ಕೂತು, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಳಭಾಗ ಒರೆಸಿದರು. ಎರಡನೇ ಹೆರಿಗೆಗೆಂದು ತವರಿಗೆ ಬಂದಿದ್ದ ಗಂಗತ್ತೆ, ಅಪ್ಪನ ತಂಗಿ, ಒಂದು ಕವಿತೆ ಬರೆದಿದ್ದಳು. ಅದನ್ನು ಸಂಗೀತದ ಜೊತೆ ಓದಿಸಿ ಟೇಪ್ ಮಾಡಬೇಕೆಂದು ಚಾಚಾರ ಆಸೆ. ಇಪ್ಪತ್ತು ದಿನ ಮಾತ್ರ ಬದುಕಿದ್ದ ಮೊದಲ ಮಗಳ ಮೇಲಿನ ಕವಿತೆ ಅದು. ಆ ಕೂಸಿನ ಮಾತು ಬಂದರೆ ಅಜ್ಜಿ, "ಈಗ ಅದ್ಯಾಕ, ಬಿಡ್ರಿ" ಎಂದು ಎದ್ದು ಹೋಗುತ್ತಿದ್ದಳು.

ಮೊದಲು ಒಂದರಲ್ಲಿ ಕವ್ವಾಲಿ ಹಾಕಿ, ಇನ್ನೊಂದರಲ್ಲಿ ಅತ್ತೆಯ ಓದು ಟೇಪ್ ಮಾಡಿದರು. ಚಪ್ಪಾಳೆಯಲ್ಲಿ ಅತ್ತೆಯ ದನಿ ಮುಳುಗಿತು. ಶಹನಾಯಿಗೆ ಅತ್ತೆ, "ಮದಿವಿ ಮನಿ ಇದ್ದಂಗ ಅನಸ್ತದ, ಬ್ಯಾಡ್ರಿ" ಎಂದಳು. ಲಾರಿ ಡ್ರೈವರೊಬ್ಬ ಕೊಟ್ಟಿದ್ದ ಮರಾಠಿ ಅಭಂಗದ ಕ್ಯಾಸೆಟ್ ಹಾಕಿದಾಗ ತಲೆದೂಗುತ್ತ ಓದುವುದನ್ನೇ ಮರೆತಳು.

ಕೊನೆಗೆ ಚಾಚಾ ಗೋಡೆಯ ಮೇಲಿದ್ದ ಅಜ್ಜನ ಏಕತಾರಿ ಇಳಿಸಿ, ಮೆಲ್ಲಗೆ ಮೀಟತೊಡಗಿದರು. "ಬಾಜಾ ಹಿಂದ ಇರಬೇಕು ಬೇಟಿ, ಮಾತು ಮುಂದ ಹೋಗಲಿ."

ಅತ್ತೆ ನಿಧಾನವಾಗಿ ಪೂರ್ತಿ ಓದಿದಳು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಚಾಚಾ ಟೇಪ್ ನಿಲ್ಲಿಸಲು ಕೈ ಚಾಚಿದಾಗ, "ತಡಿಯಪ್ಪ, ಕೂಸಿನ ಹೆಸರು ಹೇಳೂದು ಬಿಟ್ಟಾಳ" ಎಂದಳು.

ಬಂದು ಯಂತ್ರದ ಮುಂದೆ ಬಾಗಿ, "ಆಕಿ ಹೆಸರು ನೀಲವ್ವ" ಎಂದಳು.

ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.