ತಡವಾಗಿ ಹೊಡೆದ ಅಲಾರಂ

ಏಳು ಸಲ ತಿರಸ್ಕರಿಸಿದ್ದ ಹಳೇ ಕರ್ನಲ್, ಅಂದರೆ ವಾರ್ಡಿನ ಮಾನಿಟರನ್ನು ನಡೆಸುವ ಮೂಲ ತಂತ್ರಾಂಶ, ಎಂಟನೇ ಸಲ ಒಳಗಿನ ಪ್ರತಿ ಹೆಜ್ಜೆಯನ್ನೂ ತೋರಿಸುವ ಎಂಜಿನಿಯರನ ಟ್ರೇಸಿಂಗ್ ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಂಡಿತು. ಹೊಸ ಕರ್ನಲ್‌ಗಳು ತಮ್ಮ ಒಳರಚನೆಯ ಬಗ್ಗೆ ತಾವೇ ಒದಗಿಸುವ ವಿವರಗಳನ್ನೆಲ್ಲ ಇದಕ್ಕಾಗಿ ಅವನು ಕೈಯಾರೆ ಬರೆದು ಸೇರಿಸಿದ್ದ. ವಾರ್ಡಿನಲ್ಲಿ ರೋಗಿಯೊಬ್ಬ ಸತ್ತ ದಿನದ ನಾಡಿಯ ದಾಖಲೆಯನ್ನು ಅದೇ ಮಾನಿಟರಿಗೆ ಮತ್ತೆ ಹರಿಸಿದ. ಬೆನ್ನ ಹಿಂದೆ ನರ್ಸ್ ನಿಂತಿದ್ದಳು. ನಾಡಿ ನಿಂತು ನಾಲ್ಕು ನಿಮಿಷವಾದ ಮೇಲೆ ಓಡಿಬಂದಳೆಂದು ಅವಳನ್ನು ಅಮಾನತು ಮಾಡಿ ಹದಿನೈದು ದಿನವಾಗಿತ್ತು.

ಪರದೆಯ ಮೇಲೆ ಸಾಲುಗಳು ಮೂಡಿದವು. ನಾಡಿ ನಿಂತ ಸುದ್ದಿ ಕರ್ನಲ್‌ಗೆ ತಕ್ಷಣ ತಲುಪಿತ್ತು. ಅಲಾರಂ ಹೊಡೆದದ್ದು ಮಾತ್ರ ನಾಲ್ಕು ನಿಮಿಷದ ಮೇಲೆ. ನಡುವೆ ಆ ಸುದ್ದಿ ಸಿಕ್ಕಿಹಾಕಿಕೊಂಡಿದ್ದ ಕೋಡಿನ ಭಾಗದ ಹೆಸರನ್ನು ಎಂಜಿನಿಯರ್ ಎರಡು ಸಲ ಓದಿದ. ಆರು ವರ್ಷದ ಹಿಂದೆ ಆ ಭಾಗ ಬರೆದವನು ಅವನೇ.

"ಏನ್ ತೋರಿಸ್ತಿದೆ ಸಾರ್?"

ಅದನ್ನು ಓದಬಲ್ಲವರು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಳಿಸಲು ಒಂದು ಗುಂಡಿ ಸಾಕಿತ್ತು. ಅವನು ಕೀಲಿಮಣೆಯಿಂದ ಕೈ ತೆಗೆದು, ಪರದೆಯನ್ನು ಅವಳ ಕಡೆ ತಿರುಗಿಸಿದ.

"ನಿಮ್ಮ ತಪ್ಪಿಲ್ಲ ಸಿಸ್ಟರ್. ಅಲಾರಂ ಹೊಡೆದ ಕೂಡಲೇ ನೀವು ಓಡಿದ್ದೀರಿ. ಅದನ್ನ ತಡೆದು ಕೂರಿಸಿದ್ದು ನಾನು ಬರೆದ ಕೋಡು."

ಅವಳು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ತನ್ನ ಕೆಲಸದ ಮಾತೆತ್ತಲಿಲ್ಲ.

"ಇದೇ ಮಾನಿಟರ್ ಇನ್ನೆಷ್ಟು ಕಡೆ ಇದೆ ಸಾರ್?"

"ಮುನ್ನೂರು ಆಸ್ಪತ್ರೇಲಿ," ಎಂದು ಅವನು ಫೋನ್ ಕೈಗೆತ್ತಿಕೊಂಡ.