ನಡುವಿನ ಖೋಲಿ

ಕಂಪ್ಯೂಟರ್ ಪರದೆಯ ಮೇಲೆ ಹಡಗಿನ ನಕ್ಷೆ ಮೂಡಿದ್ದೇ ತಡ, ಅಂಬಾರಾಯ ಅದರ ಬಾಲದ ತುದಿಗೆ ಬೆರಳಿಟ್ಟ. ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಮೂಲೆಗೆ ಒತ್ತಿಕೊಂಡು ಅಲ್ಲೊಂದು ಕೋಣೆಯ ಚಿಕ್ಕ ಚೌಕವಿತ್ತು.

"ನಮಗ ಇದು ಸಾಕು ನೋಡಪಾ. ಈ ಕಡೀ ಖೋಲಿ."

ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನ ಎದುರು ಯಾತ್ರೆಯ ಬಸ್ಸುಗಳ ಟಿಕೆಟ್ ಮಾರುವ ಯೋಗಿರಾಜ ಈ ವರ್ಷವಷ್ಟೇ ಹಡಗಿಗೂ ಕೈ ಹಾಕಿದ್ದ. ಮುಂಬೈಯಿಂದ ಲಕ್ಷದ್ವೀಪ, ಹೋಗಿ ಬರಲು ಐದು ದಿನ. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಮಗಳು ಪೂನಮ ಫೋನಿನಲ್ಲೇ ಹಣ ಕಟ್ಟಿ, "ಖೋಲಿ ಯಾವುದು ಬೇಕಂತ ನೀವೇ ಹೋಗಿ ಆರಿಸ್ರಿ" ಎಂದು ಅಪ್ಪ ಅವ್ವನನ್ನು ಇಲ್ಲಿಗೆ ಕಳಿಸಿದ್ದಳು.

"ಕಾಕಾ, ಅದು ಬ್ಯಾಡ್ರಿ," ಅಂದ ಯೋಗಿರಾಜ. "ಅದರ ಬುಡಕೇ ಮಶಿನ್ ಅದ. ಹಗಲೂ ರಾತ್ರಿ ಗುಡುಗುಡು ಅಂತದ. ಸಮುದ್ರ ಜರಾ ಎದ್ದಿತಂದ್ರ ಬಾಲಾನೇ ಮದ್ಲ ಜಿಗೀತದ. ಈ ಅಂತಸ್ತಿನಾಗ ಎಲ್ಲಾದಕ್ಕೂ ರೇಟ್ ಒಂದೇ, ನಡುವಿಂದು ತಗೋರಿ."

"ನಡೀತದಪಾ. ನಮಗ ನಡೀತದ."

ಇದು ಅಂಬಾರಾಯನ ಖಾಯಂ ಮಾತು. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿ ನಡೆಯುತ್ತದೆ, ಫೋಟೋದಲ್ಲಿ ಹಿಂದಿನ ಸಾಲು ನಡೆಯುತ್ತದೆ, ಮಾವಿನ ಹಣ್ಣಿನಲ್ಲಿ ಗೊರಟೆ ನಡೆಯುತ್ತದೆ. ಈ ಮನುಷ್ಯನಿಗೆ ನಡೆಯದ್ದು ಅಂತ ಯಾವುದೂ ಇಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಬೇರೆ. ಹಿಂದಿನ ಸೀಟು ಮನುಷ್ಯರನ್ನು ಹೇಗೆ ಎತ್ತಿ ಎತ್ತಿ ಹಾಕುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ದ್ರೌಪದಿ ಅದನ್ನೇ ಹಿಡಿದಳು. "ಬಸುರಿ ಹೆಣ್ಮಕ್ಕಳು ಹಿಂದಿನ ಸೀಟಿನ್ಯಾಗ ಕುಂತ್ರ ಎಬ್ಬಿಸಿ ನಡುವ ಕುಂದ್ರಸ್ತಿದ್ರಿ. ಎರಡೂ ಗಾಲಿ ನಡುವ ಹೊಟ್ಟಿ ಕುಲುಕೂದಿಲ್ಲಂತ ನೀವೇ ಹೇಳ್ತಿದ್ರಿ. ಈಗ ನಾ ಏನ್ ಪಾಪ ಮಾಡೀನಿ?"

"ಯಾರರೆ ವಯಸ್ಸಾದವ್ರು ಬಂದ್ರ ಅವರಿಗಿ ಇರಲಿ ಬಿಡು."

"ನಿಮಗ ಅರವತ್ತೆರಡು ಆದವು. ಇನ್ನ ಎಂಥಾ ವಯಸ್ಸಾದವ್ರು ಬರಬೇಕ್ರಿ?"

ಯೋಗಿರಾಜ ನಕ್ಕ. ಅಂಬಾರಾಯ ನಗಲಿಲ್ಲ. ಅಷ್ಟರಲ್ಲಿ ಯಾರದೋ ಫೋನ್ ಬಂದು ಯೋಗಿರಾಜ ಬಾಗಿಲಾಚೆ ಹೋದ. ಅವನು ಹೋದದ್ದನ್ನು ನೋಡಿಕೊಂಡು ಅಂಬಾರಾಯ ಹೆಂಡತಿಯ ಕಡೆ ಬಾಗಿ ದನಿ ತಗ್ಗಿಸಿದ.

"ಕಡೀ ಖೋಲಿಗಿ ಒಂದೇ ಬಾಜೂ ಮಂದಿ ಇರ್ತಾರ. ನಡುವ ಅಂದ್ರ ಎರಡೂ ಬಾಜೂ, ಎದುರಿಗಿ ಬ್ಯಾರೆ. ಐದು ದಿನ ಅದ. ಯಾವೂರು, ಆಡನಾಂವ ಏನು ಅಂತ ಕೇಳೇ ಕೇಳ್ತಾರ."

ದ್ರೌಪದಿಗೆ ಈಗ ತಿಳಿಯಿತು. ಈ ಸೀಮೆಯಲ್ಲಿ ಆಡನಾಂವ, ಅಂದರೆ ಅಡ್ಡಹೆಸರು ಹೇಳಿದರೆ ಜಾತಿ ಹೇಳಿದಂತೆಯೇ. ಹೋದ ವರ್ಷ ಅಜಂತಾಕ್ಕೆ ಹೋಗುವ ಟ್ರಿಪ್ ಬಸ್ಸಿನಲ್ಲಿ ಪಕ್ಕದ ಸೀಟಿನ ದೊಡ್ಡ ಮನುಷ್ಯನೊಬ್ಬ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಇವರ ಮುಂದೆ ಹಿಡಿದು, ಮಾತಾಡುತ್ತಾ ಆಡನಾಂವ ಕೇಳಿದ್ದ. ಅದನ್ನು ಹೇಳಿದ ಮೇಲೆ ರೊಟ್ಟಿ ಡಬ್ಬಿಗೆ ಮರಳಿತು, ಮನುಷ್ಯ ಬೇರೆ ಸೀಟಿಗೆ ಹೋದ. ಅಂಬಾರಾಯ ಆಗಲೂ ನಡೀತದ ಅಂದಿದ್ದ. ಅವಳು ನಂಬಿದ್ದಳು. ಇಷ್ಟು ವರ್ಷ ಜೊತೆಗಿದ್ದೂ ನಂಬಿಬಿಟ್ಟೆನಲ್ಲ ಎಂದು ಈಗ ಅವಳಿಗೆ ಕೆಡುಕೆನಿಸಿತು. ಸಿಟ್ಟೂ ಬಂತು.

"ಕೇಳ್ಲಿ," ಅಂದಳು. "ಹೇಳೂಣು. ನಮ್ಮ ಪೂನಿ ದುಡಿದ ರೊಕ್ಕ, ಕದ್ದು ಹೊಂಟಿಲ್ಲ."

"ಮತ್ತ ಎದ್ದು ಹೋದ್ರ?"

"ಎಲ್ಲಿಗಿ ಹೋಗ್ತಾರ್ರಿ? ಅದೇನು ಎಸ್.ಟಿ. ಬಸ್ ಏನು, ಮುಂದಿನ ಸ್ಟಾಪಿಗಿ ಇಳ್ಯಾಕ? ಸುತ್ತೂ ಸಮುದ್ರ. ಮಾರಿ ತಿರುವಿದ್ರೂ ಸಂಜೀಕ ಹೊಳ್ಳಿ ನಮ್ಮ ಬಾಜೂಕೇ ಬಂದು ಮಲಗಬೇಕು. ಮೂರನೇ ದಿನ ತಾವೇ ಮಾತಾಡ್ಸಿಕೋತ ಬರ್ತಾರ, ತಡೀರಿ."

ಅಂಬಾರಾಯ ನಕ್ಕುಬಿಟ್ಟ. ಹೆಗಲು ಅಲುಗುವಂತೆ ನಕ್ಕ. ಕಣ್ಣೊರೆಸಿಕೊಂಡು ಮತ್ತೆ ನಕ್ಷೆ ನೋಡಿದ. ಹಡಗಿನ ನಡುವೆ ಎರಡು ಚೌಕಗಳು ಇನ್ನೂ ಖಾಲಿ ಇದ್ದವು.

ಯೋಗಿರಾಜ ಒಳಗೆ ಬಂದು ಕುರ್ಚಿ ಎಳೆದುಕೊಂಡ. "ಏನ್ ಠರಾಯ್ಸಿದ್ರಿ ಕಾಕಾ? ಕಡೀದೇ ಮಾಡ್ಲ್ಯಾ?"

"ಇದು ಮಾಡು." ಅಂಬಾರಾಯ ನಟ್ಟನಡುವಿನ ಚೌಕವನ್ನು ಗಾಜಿನ ಮೇಲೆ ಅಚ್ಚು ಬೀಳುವಷ್ಟು ಒತ್ತಿ ತೋರಿಸಿದ. ಯೋಗಿರಾಜ ಹೆಸರನ್ನು ಇನ್ನೂ ಕೇಳಿರಲಿಲ್ಲ, ಅಷ್ಟರಲ್ಲಿ ಅವನೇ ಹೇಳತೊಡಗಿದ. "ಬರಕೋ. ಅಂಬಾರಾಯ ಬನಸೋಡೆ, ದ್ರೌಪದಿ ಬನಸೋಡೆ. ಊರು ಬೋರಾಮಣಿ. ಬಾಜೂ ಖೋಲಿ ತಗೊಳ್ಳವ್ರು ನಮ್ಮನ್ನ ಯಾರಂತ ಕೇಳಿದ್ರ, ನೀನೂ ಹೇಳು."