ಡ್ರಮ್ಮಿನ ಮೇಲಿನ ಹೆಸರು

ಹಿತ್ತಲಲ್ಲಿ ಕಸ ಸುಡಲೆಂದು ಹಳೆಯ ಕಬ್ಬಿಣದ ಡ್ರಮ್ಮಿನ ಬುಡದ ಬದಿಗೆ ಉಳಿ ಇಟ್ಟು ದಿವಾಕರ್ ಸುತ್ತಿಗೆ ಎತ್ತಿದ್ದೇ ತಡ, ಅವನ ತಾಯಿ ಕಾಳಿಯಮ್ಮ ಓಡಿಬಂದು ಅಲ್ಲಿ ಕೊರೆದಿದ್ದ ಅಕ್ಷರಗಳಿಗೆ ಅಂಗೈ ಅಡ್ಡ ಇಟ್ಟಳು. "ಅಲ್ಲಿ ಬೇಡಪ್ಪಾ, ಅದು ನನ್ನ ಪೇರು!"

"ಅಡೀಲಿ ತೂತಿಲ್ದಿದ್ರೆ ಗಾಳಿ ಆಡಲ್ಲಮ್ಮಾ, ಕುಪ್ಪೆ ಹೆಂಗೆ ಉರೀತದೆ?"

ಆ ಡ್ರಮ್ಮು ಅವಳ ಮದುವೆಗೆ ತವರಿನವರು ಕೊಟ್ಟ ಸೀರು, ಬಳುವಳಿ. ಅಪ್ಪ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರಗಳನ್ನು ತೋರಿಸಿ, "ನಿನ್ನ ಪೇರೇ ಕಣಮ್ಮಾ" ಎಂದಿದ್ದ. ಮನೆಮಾತು ಕನ್ನಡವಾದರೂ ಉಡುಮಲೈಪೇಟೆಯ ಶಾಲೆಯಲ್ಲಿ ತಮಿಳು ಕಲಿತವಳಿಗೆ ಅದನ್ನು ಓದಲು ಬಾರದು. ಆದರೂ ನೀರು ತುಂಬಿಸುವಾಗಲೆಲ್ಲ ಆ ಹೆಸರನ್ನು ಬೆರಳಿನಿಂದ ಸವರುತ್ತಿದ್ದಳು. ಅಪ್ಪನ ತೋಟವೆಲ್ಲ ತನ್ನ ತಮ್ಮ ಲಿಂಗಪ್ಪನ ಹೆಸರಿಗೆ ಹೋದಾಗಲೂ, ಇದೊಂದರ ಮೇಲಾದರೂ ಅಪ್ಪ ನನ್ನ ಹೆಸರು ಬರೆದನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಚಾಮರಾಜನಗರದಿಂದ ಬಂದ ಹೊಸ ಸೊಸೆ ಮಾನಸ ಬಗ್ಗಿ, ಸೆರಗಿನಿಂದ ತುಕ್ಕು ಒರೆಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಇಲ್ಲಿ ಲಿಂಗಪ್ಪ ಅಂತಿದೆಯಲ್ಲ ಅತ್ತೆ? ಯಾರದು?"

ಕಾಳಿಯಮ್ಮ ಮೆಲ್ಲಗೆ ಕೈ ತೆಗೆದಳು. ಅಂಗೈಗೆ ಹತ್ತಿದ್ದ ತುಕ್ಕನ್ನು ಸೀರೆಗೆ ಒರೆಸಿಕೊಂಡಳು.

"ಹೊಡಿಯಪ್ಪಾ," ಎಂದಳು ಮಗನಿಗೆ. "ಒಂದಕ್ಷರಾನೂ ಬಿಡಬೇಡ."